ಮಿಡ್‌ಬ್ರೇನ್ ಬಿಡ್ರಿ, ನನ್ನ ಡಸ್ಟರ್ ಸುದ್ದಿ ಕೇಳ್ರಿ

ಹೋದ ಐತಾರ ಕಲಬುರಗಿಲಿಂದ ನಮ್ಮಕ್ಕ ಫೋನ್ ಮಾಡಿದ್ಲು. "ತಮ್ಮಾ, ವಾಟ್ಸಾಪ್‌ಗ ಒಂದು ಫೋಟೋ ಕಳ್ಸೀನಿ ನೋಡು, ನಮ್ಮ ಗಲ್ಲಿಯಾಗ ಹೊಸಾ ಕ್ಲಾಸ್ ಶುರು ಆಗ್ಯಾದ, ಕಣ್ಣಿಗಿ ಪಟ್ಟಿ ಕಟ್ಟಿ ಪುಸ್ತಕ ಓದಸ್ತಾರಂತ, ಹನ್ನೆರಡು ಸಾವಿರ ಕೇಳ್ಲತ್ತಾರ, ಛೋಟೂಗ ಸೇರ್ಸಲೇನು?" ಅಂದ್ಲು. ಫೋಟೋ ತೆಗದು ನೋಡಿದ್ರ ಅರ್ಧ ನೀಲಿ ಅರ್ಧ ಕೆಂಪು ಮೆದುಳು, ಅದರ ಸುತ್ತ ಮಿಂಚು, ಕೆಳಗ ದೊಡ್ಡ ಅಕ್ಷರದಾಗ ಮಿಡ್‌ಬ್ರೇನ್ ಆಕ್ಟಿವೇಶನ್.

ನಾ ಹದಿನಾಲ್ಕು ವರ್ಷದಿಂದ ಯಾದಗಿರಿ ಜಿಲ್ಲಾದಾಗ ಒಂದು ಸರ್ಕಾರಿ ಹೈಸ್ಕೂಲ್‌ನಾಗ ಸೈನ್ಸ್ ಮಾಸ್ತರ ಇದೀನಿ. ಹತ್ತನೇತ್ತಕ್ಕ 'ನಿಯಂತ್ರಣ ಮತ್ತು ಸಹಭಾಗಿತ್ವ' ಪಾಠ ಬಂದಾಗ ಪ್ರತಿ ವರ್ಷ ಬೋರ್ಡ್ ಮ್ಯಾಲ ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಅಂತ ಚಿತ್ರ ತೆಗದು, ಇದು ಪರೀಕ್ಷೆಗಿ ಬರ್ತದ ಬರ್ಕೋರಿ ಅಂತೀನಿ. ಮಿಡ್‌ಬ್ರೇನ್ ಅಂದ್ರ ಇದೇ ಮಧ್ಯಮೆದುಳು, ಅದು ಎಲ್ಲರದೂ ಹುಟ್ಟಿದಾಗಿಂದ ಆಕ್ಟಿವೇಟ್ ಆಗೇ ಇರ್ತದ್ರಿ, ಅದು ಕೆಲಸ ಮಾಡ್ಲಿಲ್ಲಂದ್ರ ಕಣ್ಣಿನ ಗುಡ್ಡಿ ಸುದ್ದಾ ಸರಿಯಾಗಿ ಹೊಳ್ಳಂಗಿಲ್ಲ. ಪಟ್ಟಿ ಕಟ್ಟಿಕೊಂಡು ಓದೋ ಹುಡುಗ್ರು ಮೂಗಿನ ಪಕ್ಕದ ಸಂದಿಲಿಂದ ಕೆಳಗ ನೋಡ್ತಾರ, ಅಷ್ಟೇ ಅದರ ಗುಟ್ಟು, ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನ ಜನರ ಮುಂದ ಬಯಲು ಮಾಡಿ ತೋರ್ಸ್ಯಾರ. ಅಕ್ಕಗ ಇಷ್ಟು ಹೇಳಿ, ಸ್ವಲ್ಪ ಜೋರ್ ಮಾಡೇ ಹೇಳಿ, ಫೋನ್ ಇಟ್ಟೆ. ಇಟ್ಟ ಮ್ಯಾಲ ಅನ್ನಿಸ್ತು, ಆ ಕ್ಲಾಸಿನವ ಹನ್ನೆರಡು ಸಾವಿರ ತಗೊಂಡು ಮೆದುಳಿನ ಹೆಸರಲೇ ಸುಳ್ಳು ಹೇಳ್ತಾನ ಸರಿ, ನಾ ಪಗಾರ ತಗೊಂಡು ಹದಿನಾಲ್ಕು ವರ್ಷ ಏನು ಮಾಡೀನಿ?

ಎರಡು ವರ್ಷದ ಹಿಂದ ಶಹಾಪುರ ಬಸ್‌ಸ್ಟ್ಯಾಂಡ್‌ನಾಗ ಒಬ್ಬ ಹುಡುಗ ಬಂದು ಕಾಲು ಮುಟ್ಟಿದ. ಈಗ ಜೆಸಿಬಿ ಓಡಸ್ತಾನಂತ. ಚಹಾ ಕುಡಸ್ದ, ನಕ್ಕೋತ ಅಂದ, "ಸರ್, ನೆನಪದೇನ್ರಿ, ಅವತ್ತು ನೀವು ನೀಲಿ ಅಂಗಿ ಹಾಕಿದ್ರಿ, ನಾ ಎರಡನೇ ಬೆಂಚ್ ಕಿಡಕಿ ಬಾಜು ಕುಂತಿದ್ದೆ, ಡಸ್ಟರ್ ಒಗದ್ರಿ, ಕಿವಿಗಿ ಬಡೀತು." ನನಗ ನೆನಪಿಲ್ಲ. ಯಾವ ಪಾಠ ನಡದಿತ್ತೋ ಅಂತ ಕೇಳಿದೆ. "ಅದು ಗೊತ್ತಿಲ್ರಿ" ಅಂದ. ಅಂಗಿ ಬಣ್ಣ ನೆನಪದ, ಕಿಡಕಿ ನೆನಪದ, ಪಾಠ ಮಾತ್ರ ಇಲ್ಲ. ಅವ ಸಿಟ್ಟಲೇ ಹೇಳಿದ್ರ ಏನಾರ ಜವಾಬು ಕೊಡ್ತಿದ್ದೆ, ನಕ್ಕೋತ ಹೇಳಿದ, ನನಗ ಚಹಾ ಇಳೀಲಿಲ್ಲ.

ಅದೇ ವರ್ಷ ಒಂದು ಹುಡುಗಿ ಕ್ಲಾಸಿನಾಗ ಎದ್ದು ನಿಂತು ಕೇಳಿದ್ಲು, "ಸರ್, ಅಂಜಿಕಿ ಮೆದುಳಿನಾಗ ಯಾವ ಭಾಗದಾಗ ಇರ್ತದ್ರಿ?" ಪುಸ್ತಕದಾಗ ಅದಿಲ್ಲ. "ಅದು ಪರೀಕ್ಷೆಗಿ ಬರಂಗಿಲ್ಲವ್ವ, ಕೂಡು" ಅಂದೆ. ಮಾಸ್ತರಗ ಗೊತ್ತಿರಲಾರದಾಗ ಆಡೋ ಮಾತು ಇದೇ ನೋಡ್ರಿ. ರಾತ್ರಿ ಮನ್ಯಾಗ ಕುಂತು ಓದ್ಲಕ ಶುರು ಮಾಡಿದೆ, ಆ ಓದು ಇನ್ನೂ ನಿಂತಿಲ್ಲ.

ಮೆದುಳಿನ ಒಳಗ, ಕಿವಿಯ ಸೀದಾ ಒಳಭಾಗಕ್ಕ, ಬಾದಾಮಿ ಬೀಜದ ಆಕಾರದ ಅಮಿಗ್ಡಾಲಾ ಅಂತ ಒಂದದ, ಎಡಕ್ಕೊಂದು ಬಲಕ್ಕೊಂದು. ಅಪಾಯ ಕಂಡ್ರ ಮೊದಲು ಒದರೋದು ಅದು. ಅದು ಒದರಿತಂದ್ರ ಎದಿ ಬಡೀತದ, ಕಾರ್ಟಿಸೋಲ್ ಅನ್ನೋ ಹಾರ್ಮೋನ್ ರಕ್ತಕ್ಕ ಇಳೀತದ, ಮೈ ಓಡ್ಲಕ ಇಲ್ಲಾ ಹೊಡದಾಡ್ಲಕ ತಯಾರ್ ಆಗ್ತದ. ಹಣಿ ಹಿಂದಿರೋ ಪ್ರೀಫ್ರಂಟಲ್ ಭಾಗ, ಅಂದ್ರ ವಿಚಾರ ಮಾಡೋದು, ಲೆಕ್ಕ ಬಿಡಸೋದು, ಸಿಟ್ಟು ತಡಕೊಳ್ಳೋದು, ಆ ಹೊತ್ತಿಗೆ ಮೆತ್ತಗ ಆಗಿಬಿಡ್ತದ. ಆ ಭಾಗ ಪೂರ್ತಿ ಬಲಿಯೋದೇ ಸುಮಾರು 25ನೇ ವಯಸ್ಸಿಗಿ, ನಮ್ಮ ಮುಂದ ಕುಂತೋರಿಗೆ ಹದಿನೈದು. ಕಾರ್ಟಿಸೋಲ್ ಏರಿದಾಗ ಕಲ್ತದ್ದನ್ನ ನೆನಪು ಮಾಡ್ಕೊಳ್ಳೋದು ಕಷ್ಟ ಆಗ್ತದ, ಆದ್ರ ಅಂಜಿಸಿದ ಗಳಿಗಿ ಮಾತ್ರ ಕಲ್ಲಿನ್ಯಾಗ ಕೊರದಂಗ ಉಳೀತದ. ನೀಲಿ ಅಂಗಿ ಯಾಕ ಉಳೀತು, ಪಾಠ ಯಾಕ ಹೋಯ್ತು ಅಂತ ನನಗ ಅವತ್ತು ತಿಳೀತು. ಬೋರ್ಡ್ ಮುಂದ ನಿಂದ್ರಿಸಿ "ಹೇಳಲೇ" ಅಂತ ಒದರಿದಾಗ ಹುಡುಗ ಬಾಯಿ ಮುಚ್ಚಿ ನಿಂತ್ರ ಸೊಕ್ಕು ಅಂತಿದ್ದೆ ನಾನು. ಅಂವಗ ಬರ್ತಿತ್ತು, ಆ ಗಳಿಗಿಗಿ ಸಿಗಲಿಲ್ಲ ಅಷ್ಟೇ.

ಇಷ್ಟು ಹೇಳಿದ್ರ ಸ್ಟಾಫ್‌ರೂಮಿನಾಗ ನಗ್ತಾರ. ಛಡಿ ಛಂ ಛಂ ವಿದ್ಯಾ ಘಂ ಘಂ, ನಾವೂ ಹೊಡತ ತಿಂದೇ ನೌಕರಿ ಹಿಡದೀವಿ ಅಂತಾರ. ಖರೆ, ನಾನೂ ತಿಂದೀನಿ. ಆದ್ರ ನಮ್ಮ ಸಾಲಿ ಬ್ಯಾಚಿನ ವಾಟ್ಸಾಪ್ ಗ್ರೂಪ್ ತೆಗದು ನೋಡ್ರಿ, ಏಳನೇತ್ತಕ್ಕ ಸಾಲಿ ಬಿಟ್ಟು ದನಾ ಕಾಯ್ಲಕ ಹೋದೋರು, ಮುಂಬೈಗಿ ಹೋದೋರು ಅದರಾಗ ಎಷ್ಟು ಮಂದಿ ಅದಾರ? ಹೊಡತ ತಿಂದು ಉಳದೋರಷ್ಟೇ ಗ್ರೂಪಿನಾಗ ಕುಂತು ಹೊಡತ ಛಲೋ ಅಂತ ಬರೀತಾರ. ಹೊಡೀಬಾರದು, ಮನಸ್ಸಿಗಿ ಹಿಂಸೆ ಕೊಡಬಾರದು ಅಂತ 2009ರ ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಮಿನಾಗ ಬರದದ, ಪಾಲಕರಿಗೇ ಅದು ಬ್ಯಾಡಾಗ್ಯಾದ. "ಕಣ್ಣೊಂದು ಬಿಡ್ರಿ ಸರ್, ಉಳದದ್ದು ನಿಮಗ ಬಿಟ್ಟದ್ದು" ಅಂತ ಹೇಳಿ ಕೈ ಮುಗದು ಹೋಗ್ತಾರ.

ಹಂಗಾದ್ರ ಮಕ್ಕಳಿಗಿ ಅಂಜಿಕಿನೇ ಬ್ಯಾಡೇನು ಅಂತ ಕೇಳ್ತೀರಿ, ಹಂಗಲ್ರಿ. ಹಾರ್ವರ್ಡ್‌ನ ಜ್ಯಾಕ್ ಶಾಂಕಾಫ್ ಅನ್ನೋ ಮಕ್ಕಳ ಡಾಕ್ಟರ್ ಮತ್ತ ಅವರ ಜೊತಿಯವರು ಒತ್ತಡದಾಗ ಮೂರು ನಮೂನಿ ಹೇಳ್ತಾರ. ಒಂದು, ಪರೀಕ್ಷೆ ಮುಂಜಾನಿ ಹೊಟ್ಟಿ ಕಲಸೋ ಹಂಗಿಂದು, ಅದು ಬಂದು ಹೋಗ್ತದ, ಬೇಕು ಕೂಡ. ಇನ್ನೊಂದು, ಮುತ್ಯಾ ತೀರಿಕೊಂಡ್ರು, ಮನಿ ಬಿತ್ತು, ಇಂಥಾದ್ದು, ಜೊತಿಗಿ ನಂಬಿಕಿ ಇರೋ ದೊಡ್ಡೋರು ಒಬ್ಬರಿದ್ರ ಮಗು ತಡಕೊಳ್ತದ. ಮೂರನೇದು ದಿನಾ ದಿನಾ, ತಿಂಗಳಾನುಗಟ್ಲೆ ಇರೋದು, ಯಾರೂ ಆಸರಿಲ್ಲದೆ ಇರೋದು, ಅದು ಬೆಳಿಯೋ ಮೆದುಳನ್ನೇ ಕೆಡಸ್ತದ. ಎರಡನೇದಕ್ಕೂ ಮೂರನೇದಕ್ಕೂ ನಡುವಿನ ಅಂತರ ಆ ಒಬ್ಬ ದೊಡ್ಡ ಮನುಷ್ಯ.

ನಮ್ಮ ಕಡಿ ಇದು ಸಣ್ಣ ಮಾತಲ್ರಿ. ಸುಗ್ಗಿ ಮುಗದು ತೊಗರಿ ರಾಶಿ ಆತಂದ್ರ ಮಂದಿ ಗುಳೆ ಹೋಗ್ತಾರ, ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್, ಎಲ್ಲಿ ಬಿಲ್ಡಿಂಗ್ ಕೆಲಸ ಅದ ಅಲ್ಲಿಗಿ. ನನ್ನ ಎಂಟನೇ ಕ್ಲಾಸಿನಾಗ ಹಾಜರಿ ಕೂಗಿದ್ರ ಜನವರಿಗಿ ಎಷ್ಟೋ ಹೆಸರಿಗಿ "ಗುಳೆ ಸರ್" ಅಂತ ಪಕ್ಕದವರೇ ಹೇಳ್ತಾರ. ಉಳದ ಮಕ್ಕಳು ಆಯಿ ಹಂತ್ಯಾಕ ಇರ್ತಾರ, ಹೆಣ್ಣು ಹುಡುಗಿಯಾದ್ರ ತಮ್ಮ ತಂಗಿ ಸಂಭಾಳಿಸಿ, ರೊಟ್ಟಿ ಬಡದು, ಆಮ್ಯಾಲ ಸಾಲಿಗಿ. ರೊಮೇನಿಯಾದಾಗ 2000ರಾಗ ಶುರು ಮಾಡಿದ ಒಂದು ಅಧ್ಯಯನ ಅದ, ಅನಾಥಾಶ್ರಮದ 136 ಸಣ್ಣ ಕೂಸುಗೋಳಾಗ ಅರ್ಧ ಮಂದಿಗಿ ಸಾಕು ಮನಿ ಹುಡಿಕಿ ಕೊಟ್ರು. ಎರಡು ವರ್ಷದ ವಯಸ್ಸು ತುಂಬೋದ್ರೊಳಗ ಒಂದು ಮನಿ, ಒಂದು ಮಡಿಲು ಸಿಕ್ಕ ಕೂಸುಗೋಳ ಮೆದುಳು ಬಾಳ ಛಲೋ ಚೇತರಿಸಿಕೊಂಡಿತ್ತು. ನಮ್ಮ ಮಕ್ಕಳದು ಆ ಸ್ಥಿತಿ ಅಲ್ಲ, ಹೋಲಿಸೋದೂ ಸರಿಯಲ್ಲ, ನಮ್ಮಲ್ಲಿ ಆಯಿ ಅದಾಳ. ಆದ್ರ ಆ ಆಯಿಗಿ ಮೊಣಕಾಲು ನೋವು, ಕಣ್ಣಿಗಿ ಮೋತಿಬಿಂದು, ಕೈಯಾಗ ನಾಲ್ಕು ಮೊಮ್ಮಕ್ಕಳು. ಆಕಿಗಿ ಒಂದು ದಿನಾನಾದ್ರೂ ಸಾಲಿಗಿ ಕರದು ಕುಂಡ್ರಿಸಿ ಮಾತಾಡಿಸೀವೇನು ನಾವು? ಪಾಲಕರ ಸಭೆ ಅಂತೀವಿ, ಪಾಲಕರು ಪುಣೆದಾಗ.

ಈಗ ರಿಸಲ್ಟ್ ವಿಷಯಕ್ಕ ಬರ್ತೀನಿ, ಇದು ಬರದ್ರ ನನಗ ಬೈತಾರ, ಬೈರಿ. 2024ರ ಎಸ್‌ಎಸ್‌ಎಲ್‌ಸಿಯಾಗ ಯಾದಗಿರಿ 50.59% ತಗೊಂಡು ರಾಜ್ಯಕ್ಕೇ ಕಡೀಕ, 2025ರಾಗ ಕಲಬುರಗಿ 42.43% ತಗೊಂಡು ಕಡೀಕ. ರಿಸಲ್ಟ್ ಬಂದ ವಾರದಾಗ ಮೀಟಿಂಗ್ ಆಗ್ತಾವ. ಮ್ಯಾಲಿನೋರು ಎಚ್‌ಎಂಗ ಬೈತಾರ, ಎಚ್‌ಎಂ ನಮಗ, ನಾವು ಬಂದು ಮಕ್ಕಳಿಗಿ. ಮುಂಜಾನಿ ಸ್ಪೆಷಲ್ ಕ್ಲಾಸ್, ಸಂಜಿಗಿ ಸ್ಪೆಷಲ್ ಕ್ಲಾಸ್, ನಡುವ "ನೀವು ಫೇಲ್ ಆದ್ರ ಜಿಲ್ಲಾದ ಮರ್ಯಾದಿ ಹೋಗ್ತದ" ಅನ್ನೋ ಭಾಷಣ. ಹದಿನೈದು ವರ್ಷದ ಹುಡುಗನ ತಲಿ ಮ್ಯಾಲ ಇಡೀ ಜಿಲ್ಲಾ ಹೊರಸಿದ್ರ ಅವನ ಅಮಿಗ್ಡಾಲಾ ಒದರೋದು ಬಿಟ್ಟು ಮತ್ತೇನು ಮಾಡ್ಬೇಕು? ಮಾಸ್ತರ ತಲಿಯೂ ಮೆದುಳೇ ಅಲ್ಲೇನ್ರಿ. ತಿಂಗಳಾನುಗಟ್ಲೆ ಗೌರವಧನ ಬರದ ಅತಿಥಿ ಶಿಕ್ಷಕರು ನಮ್ಮಲ್ಲಿ ಅದಾರ, ಅವರಿಗಿ ಶಾಂತವಾಗಿರ್ರಿ ಅಂತ ಟ್ರೇನಿಂಗ್ ಕೊಟ್ರ ನಗು ಬರ್ತದ. ತಾನೇ ಅಂಜಿದವ ಇನ್ನೊಬ್ಬರ ಅಂಜಿಕಿ ಇಳಸಲ್ಲ.

ಹೊಟ್ಟಿ ಮಾತೂ ಇದರಾಗೇ ಬರ್ತದ. ಎನ್‌ಎಫ್‌ಎಚ್‌ಎಸ್-5, ಅಂದ್ರ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ ಐದು ವರ್ಷದೊಳಗಿನ ಮಕ್ಕಳಾಗ 65.5% ಮಂದಿಗಿ ರಕ್ತಹೀನತೆ. ಕಬ್ಬಿಣಾಂಶ ಕಮ್ಮಿಯಾದ್ರ ನರಗಳ ಮ್ಯಾಲಿನ ಹೊದಿಕಿನೇ ಸರಿಯಾಗಿ ಆಗಂಗಿಲ್ಲ, ಮಗು ಮಂಕಾಗಿ ಕುಂಡ್ರತದ, ನಾವು ಅದಕ್ಕ ದಡ್ಡ ಅಂತ ಹೆಸರಿಡ್ತೀವಿ. 2021ರ ಡಿಸೆಂಬರ್‌ದಾಗ ಬಿಸಿಯೂಟಕ್ಕ ಮೊಟ್ಟಿ ಮೊದಲು ನಮ್ಮ ಕಡಿ ಜಿಲ್ಲಾಗೋಳಿಗೇ ಬಂತು, ಎಷ್ಟು ಗದ್ದಲ ಆಯ್ತು ನೆನಪದಲ್ಲ. ಮೊಟ್ಟಿ ದಿನ ನಮ್ಮ ಸಾಲಿ ಹುಡುಗ್ರ ಮುಖ ನೋಡಿದವ ಗದ್ದಲ ಮಾಡಂಗಿಲ್ಲ. ಕಬ್ಬಿಣದ ನೀಲಿ ಗುಳಗಿ ಮಾತ್ರ ಕಿಡಕಿ ಹೊರಗ ಹೋಗ್ತಾವ, ಖಾಲಿ ಹೊಟ್ಟಿಗಿ ನುಂಗಿದ್ರ ಹೊಟ್ಟಿ ತೊಳಸ್ತದ ಅಂತ. ಈಗ ಊಟ ಆದ ಮ್ಯಾಲ ನಾನೂ ಅವರ ಜೊತಿ ಕುಂತು ಕೊಡ್ತೀನಿ, ಕಿಡಕಿ ಹೊರಗ ಕಮ್ಮಿ ಆಗ್ಯಾವ.

ನಾ ಮಾಡಿದ್ದು ದೊಡ್ಡದೇನಿಲ್ಲ. ಡಸ್ಟರ್ ಟೇಬಲ್ ಮ್ಯಾಲ ಬಡಿಯೋದು ಬಿಟ್ಟೆ, ಆ ಸಪ್ಪಳಕ್ಕ ಬೆಚ್ಚಿ ಬೀಳೋ ಹುಡುಗ್ರು ನಾಲ್ಕೈದು ಮಂದಿ ಅದಾರ ಅಂತ ಬಿಟ್ಟ ಮ್ಯಾಲ ಗೊತ್ತಾಯ್ತು, ಅವರ ಮನ್ಯಾಗ ಏನು ಸಪ್ಪಳ ಇರ್ತದೋ. ಟೆಸ್ಟ್ ಮುಂಚೆ ಎರಡು ನಿಮಿಷ ಉಸಿರು ನಿಧಾನ ಬಿಡಸ್ತೀನಿ, ಉದ್ದಕ ಉಸಿರು ಬಿಟ್ಟಾಗ ಮೆದುಳಿನಿಂದ ಎದಿಗಿ ಇಳಿಯೋ ವೇಗಸ್ ನರದಿಂದ ಎದಿ ಬಡಿತ ಇಳೀತದ, ಯೋಗದವರು ಇದನ್ನ ಮೊದಲೇ ಹೇಳ್ಯಾರ ಅಂತ ಪಿಟಿ ಸರ್ ಹೇಳ್ತಾರ, ಇರ್ಲಿ. ಹಾಜರಿ ಹೊತ್ತಿನಾಗ ನಂಬರ್ ಬಿಟ್ಟು ಹೆಸರು ಕೂಗ್ತೀನಿ, ಮುಖ ನೋಡ್ತೀನಿ. ಒಬ್ಬ ಲಂಬಾಣಿ ತಾಂಡಾದ ಹುಡುಗಿ ಹತ್ರ ಅಂಜಿಕಿಗಿ ಅವರ ಮಾತಿನಾಗ ಏನಂತಾರ ಅಂತ ಕೇಳಿ ಬೋರ್ಡ್ ಮ್ಯಾಲ ಬರದೆ, ಅವತ್ತಿಂದ ಆಕಿ ಕ್ಲಾಸಿನಾಗ ಬಾಯಿ ಬಿಡ್ತಾಳ. ಅನಿಸಿಕಿಗಿ ಹೆಸರಿಟ್ಟ್ರ ಅಮಿಗ್ಡಾಲಾದ ಗದ್ದಲ ಇಳೀತದ ಅಂತ 2007ರಾಗ ಕ್ಯಾಲಿಫೋರ್ನಿಯಾದಾಗ ಸ್ಕ್ಯಾನ್ ಮಾಡಿ ನೋಡ್ಯಾರ. ರಿಸಲ್ಟ್ ಏರ್ತೇನು ಅಂತ ಕೇಳಬ್ಯಾಡ್ರಿ, ಎರಡು ವರ್ಷದಾಗ ಹೇಳೋ ಮಾತಲ್ಲ ಅದು. ಮತ್ತ ಒಮ್ಮೊಮ್ಮಿ ಈಗ್ಲೂ ಒದರ್ತೀನಿ, ಒದರಿದ ಮ್ಯಾಲ ತಪ್ಪಾಯ್ತು ಅಂತ ಕ್ಲಾಸಿನಾಗೇ ಹೇಳ್ತೀನಿ. ಮೊದಲ ಸಲ ಹೇಳಿದಾಗ ಹುಡುಗ್ರು ನನಗ ಆರಾಮಿಲ್ಲ ಅಂತ ತಿಳಕೊಂಡಿದ್ರು.

ನಿದ್ದಿ ಬಗ್ಗೆ ಬರೀಲಿಲ್ಲಂದ್ರ ಈ ಪೋಸ್ಟ್ ಅರ್ಧ. ಹಗಲು ಓದಿದ್ದು ಮೆದುಳಿನಾಗ ಗಟ್ಟಿ ಆಗೋದು ರಾತ್ರಿ ನಿದ್ದಿಯಾಗ. ಏಪ್ರಿಲ್ ಮೇದಾಗ ನಮ್ಮ ಕಡಿ ಬಿಸಲಿಗಿ ಸರ್ಕಾರಿ ಆಫೀಸೇ 8ರಿಂದ 1:30ರ ತನಕ ನಡೀತಾವ, ಅಂದ್ರ ಬಿಸಲಿನಾಗ ದೊಡ್ಡೋರ ತಲಿ ಓಡಂಗಿಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಂಗ. ಮಕ್ಕಳು ಮಾತ್ರ ಮಾರ್ಚ್‌ದಾಗ ಪತ್ರಾಸಿನ ಕೆಳಗ ಕುಂತು, ರಾತ್ರಿ ಕರೆಂಟ್ ಹೋದ ಮನ್ಯಾಗ ಹೊಳ್ಳಾಡಿ, ಮುಂಜಾನಿ ಸ್ಪೆಷಲ್ ಕ್ಲಾಸಿಗಿ ಬರಬೇಕು.

ಇದೇ ಮಾತು ಬುಧವಾರ ಮತ್ತ ಅಕ್ಕಗ ಫೋನ್ ಮಾಡಿ ಹೇಳಿದೆ, ಸಿಟ್ಟು ಮಾಡಿದ್ದಕ್ಕ ತಪ್ಪಾಯ್ತು ಅಂತನೂ ಅಂದೆ. "ಹಂಗಾದ್ರ ಆ ಹನ್ನೆರಡು ಸಾವಿರ ಏನು ಮಾಡ್ಲೋ?" ಅಂದ್ಲು. ಒಂದು ಛಲೋ ಕೂಲರ್ ತಗೋ ಅಕ್ಕಾ, ಛೋಟೂ ರಾತ್ರಿ ನೆಟ್ಟಗ ಮಲಗ್ಲಿ, ಅವ ಮಲಗೋ ತನಕ ನೀ ಬಾಜು ಕುಂತು ಸಾಲ್ಯಾಗ ಏನಾಯ್ತು ಅಂತ ಕೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ಲು, "ಅದೆಲ್ಲಾ ಖರೆ, ಕೂಲರ್‌ಗ ತುಂಬ್ಲಕ ನೀರು ನಿಮ್ಮಪ್ಪ ತರ್ತಾನೇನು, ನಳ ಬಂದು ನಾಲ್ಕು ದಿನ ಆಯ್ತು."