ಎರಡು ಗರಟೆ ಬ್ಲೀಚಿಂಗ್ ಪೌಡರ್

ನಿನ್ನೆ ತೀರ್ಥಹಳ್ಳಿ ಕಡೆಯ ತಂಗಿಯ ಊರಿನಿಂದ ಶಿವಮೊಗ್ಗಕ್ಕೆ ಮರಳಿದ ಮೇಲೂ ಮನಸ್ಸಿಗೆ ಸಮಾಧಾನವಾಗದ ಕಾರಣ ಇದನ್ನು ಬರೆಯುತ್ತಿದ್ದೇನೆ. ಹೋದ ವಾರ ಅಲ್ಲಿಗೆ ಹೋಗಿದ್ದಾಗ ಪುನರ್ವಸು ಮಳೆ ಬಿಡದೆ ಸುರಿಯುತ್ತಿತ್ತು. ಊರಿನ ನೀರುಗಂಟಿ ಗೊರಬು ಹೊದ್ದು ಐವತ್ತು ಸಾವಿರ ಲೀಟರಿನ ಟ್ಯಾಂಕನ್ನು ಹತ್ತಿ, ಬಾಯಿ ತೆರೆದೇ ಇದ್ದ ಚೀಲದಿಂದ ತಂದ ಬ್ಲೀಚಿಂಗ್ ಪೌಡರನ್ನು ತೆಂಗಿನ ಗರಟೆಯಲ್ಲಿ ಅಳೆದು ನೇರವಾಗಿ ನೀರಿಗೆ ಸುರಿದುದನ್ನು ನೋಡಿದೆ. ಎಷ್ಟು ಹಾಕುತ್ತೀಯಪ್ಪಾ ಎಂದು ಕೇಳಿದೆ. "ಎರಡು ಗರಟೆ ಸಾರ್, ನನಗಿಂತ ಹಿಂದೆ ಇದ್ದೋರೂ ಅಷ್ಟೇ ಹಾಕ್ತಿದ್ರು" ಎಂದ.

ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ನಸುಕಿನಲ್ಲಿ ಎದ್ದು, ಕರೆಂಟ್ ಬರುವುದನ್ನು ಕಾದು ಪಂಪ್ ಹಾಕಿ, ಜಿಗಣೆ ಕಚ್ಚಿಸಿಕೊಂಡು ಪೈಪಿನ ದಾರಿ ನೋಡಿಕೊಳ್ಳುವವನು ಅವನು. ಅವನ ಕೈಗೆ ಪೌಡರಿನ ಚೀಲ ಕೊಟ್ಟವರು ಒಂದು ತಕ್ಕಡಿಯನ್ನು ಕೊಡಲಿಲ್ಲ, ಎಷ್ಟು ನೀರಿಗೆ ಎಷ್ಟು ಪೌಡರ್ ಎಂಬ ಲೆಕ್ಕವನ್ನು ಹೇಳಿಕೊಡಲಿಲ್ಲ. ನನ್ನ ನೌಕರಿಯೆಲ್ಲ ಈ ಲೆಕ್ಕದಲ್ಲೇ ಕಳೆಯಿತೆಂಬುದು ಗೆಳೆಯರಿಗೆ ಗೊತ್ತಿದೆ, ಆದ್ದರಿಂದ ಇದನ್ನು ಕಂಡು ಸುಮ್ಮನಿರುವುದು ನನ್ನಿಂದಾಗದು.

ಲೆಕ್ಕ ಕಷ್ಟದ್ದಲ್ಲ. ರೋಗಾಣುಗಳನ್ನು ಕೊಲ್ಲಲು ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಐವತ್ತು ಸಾವಿರ ಲೀಟರಿಗೆ 100 ಗ್ರಾಂ ಆಯಿತು. ಆದರೆ ಬ್ಲೀಚಿಂಗ್ ಪೌಡರ್ ಎಂದರೆ ಪೂರ್ತಿ ಕ್ಲೋರಿನ್ ಅಲ್ಲ; ಹೊಸದರಲ್ಲಿ ಶೇ 33ರಷ್ಟು ಇರುತ್ತದೆ, ಹಾಗಾಗಿ ಸುಮಾರು 303 ಗ್ರಾಂ ಪೌಡರ್ ಹಾಕಬೇಕು. ಅದೇ ಚೀಲ ಮಲೆನಾಡಿನ ಮಳೆಗಾಲದಲ್ಲಿ ಪಂಪ್‌ಹೌಸಿನ ನೆಲದ ಮೇಲೆ ಬಾಯಿ ತೆರೆದು ಬಿದ್ದಿದ್ದು, ತೇವ ಹೀರಿ ಶೇ 15ಕ್ಕೆ ಇಳಿದಿದ್ದರೆ ಅಷ್ಟೇ ಕೆಲಸಕ್ಕೆ 667 ಗ್ರಾಂ ಬೇಕಾಗುತ್ತದೆ. ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದಾಗ ಎರಡು ಗರಟೆ ಪೌಡರ್ 280 ಗ್ರಾಂ ತೂಗಿತು. ಹೊಸ ಪೌಡರಾಗಿದ್ದರೆ ಅದು ಲೀಟರಿಗೆ 1.8 ಮಿಲಿಗ್ರಾಮಿಗಿಂತ ತುಸು ಹೆಚ್ಚು ಕ್ಲೋರಿನ್ ಕೊಡುತ್ತಿತ್ತು, ಸತ್ವ ಕಳೆದುಕೊಂಡ ಪೌಡರಿನಲ್ಲಿ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಎಂದೋ ಒಬ್ಬರು ಹೊಸ ಚೀಲಕ್ಕೆ ಸರಿಯಾಗಿಯೇ ಹೇಳಿದ್ದ ಅಳತೆ ಇದಾಗಿರಬೇಕು. ಚೀಲ ಹಳೆಯದಾಯಿತು, ಗರಟೆ ಮಾತ್ರ ಹಾಗೆಯೇ ಉಳಿಯಿತು.

ಟ್ಯಾಂಕ್ ಅರ್ಧ ಮಾತ್ರ ತುಂಬಿದ ದಿನ ಅದೇ ಗರಟೆ ಎರಡು ಪಟ್ಟು ಔಷಧಿಯಾಗುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ, ಇದುವರೆಗೆ ಎಲ್ಲಿಯೂ ಹೇಳಿಕೊಂಡಿಲ್ಲ. ನೌಕರಿಗೆ ಸೇರಿದ ಎರಡನೆಯ ವರ್ಷ, ರಾತ್ರಿ ಪಾಳಿಯಲ್ಲಿ, ನೀರಿನ ಮಟ್ಟ ನೋಡದೆ ಪೂರ್ತಿ ಟ್ಯಾಂಕಿನ ಲೆಕ್ಕದಲ್ಲಿ ಹಾಕಿಬಿಟ್ಟೆ. ಬೆಳಿಗ್ಗೆ ಜನ ಕೊಡದಲ್ಲಿ ಹಿಡಿದ ನೀರನ್ನು ವಾಸನೆಗೆ ಚೆಲ್ಲಿ, ಪಾಚಿ ಕಟ್ಟಿದ ಹಳೆಯ ಬಾವಿಯ ಕಡೆಗೆ ನಡೆದರು. ಔಷಧಿ ಹೆಚ್ಚಾದರೆ ಜನ ಶುದ್ಧ ನೀರನ್ನೇ ಬಿಟ್ಟುಬಿಡುತ್ತಾರೆ ಎಂಬುದನ್ನು ನಾನು ಆ ಬೆಳಿಗ್ಗೆ ಕಲಿತೆ.

ತಂಗಿಯ ಮನೆಯ ಜಗಲಿಯಲ್ಲಿ ಕುಳಿತವರೊಬ್ಬರು, ನಮ್ಮದು ಕಾಡಿನಿಂದ ಇಳಿದುಬರುವ ಅಬ್ಬಿ ನೀರು, ತಲೆತಲಾಂತರದಿಂದ ಕುಡಿದಿದ್ದೇವೆ, ಯಾರಿಗೂ ಏನೂ ಆಗಿಲ್ಲ ಎಂದರು. ಏನೂ ಆಗಿಲ್ಲವೆಂದು ಲೆಕ್ಕ ಇಟ್ಟವರು ಯಾರು? ಪ್ರತಿ ಆಷಾಢದಲ್ಲಿ ಮಕ್ಕಳಿಗೆ ಬರುವ ವಾಂತಿಭೇದಿಯನ್ನು ನಾವು ಹವೆಯ ದೋಷ ಎನ್ನುತ್ತೇವೆ. ಮೇಲಿನ ಗುಡ್ಡದಲ್ಲಿ ದನ ಮೇಯುತ್ತವೆ, ತೋಟಕ್ಕೆ ಗೊಬ್ಬರ ಬೀಳುತ್ತದೆ, ಮೊದಲ ಮಳೆಗೇ ಅದೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಆ ಮಾತಿಗೆ ನಾನು ಇದಕ್ಕಿಂತ ಹೆಚ್ಚು ಬೆಲೆ ಕೊಡಲಾರೆ.

ಮಳೆಗಾಲದ ನೀರೇ ಈ ಲೆಕ್ಕದ ಕಠಿಣ ಭಾಗ. ಕೆಸರು, ಕೊಳೆತ ಎಲೆ, ಕಬ್ಬಿಣದ ಅಂಶ ಇವೆಲ್ಲ ಕ್ಲೋರಿನ್ನನ್ನು ಮೊದಲೇ ತಿಂದುಹಾಕುತ್ತವೆ. ತಿಂದು ಉಳಿದದ್ದು ಮಾತ್ರ ಮುಂದೆ ಪೈಪಿನುದ್ದಕ್ಕೂ ನೀರನ್ನು ಕಾಯುತ್ತದೆ. ಕುಡಿಯುವ ನೀರಿಗೆ ಇರುವ ಭಾರತೀಯ ಮಾನದಂಡವಾದ ಐಎಸ್ 10500ರ 2012ರ ಆವೃತ್ತಿಯು ಹೀಗೆ ಉಳಿಯುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆನ್ನುತ್ತದೆ. ಅದನ್ನು ನೋಡಬೇಕಾದದ್ದು ಊರಿನ ಕೊನೆಯ ಮನೆಯ ನಲ್ಲಿಯಲ್ಲಿ. ಹೋದ ವಾರ ಅಲ್ಲಿ ಹಿಡಿದ ನೀರಿಗೆ, ಕ್ಲೋರಿನ್ ಇದ್ದರೆ ಹಳದಿ ಬಣ್ಣ ತೋರಿಸುವ ಪರೀಕ್ಷೆಯ ಹನಿ ಬಿಟ್ಟಾಗ ಬಣ್ಣವೇ ಬರಲಿಲ್ಲ.

ನಿನ್ನೆ ನೀರಿಗೆ ಎಷ್ಟು ಪೌಡರ್ ಬೇಕೆಂದು ಪರೀಕ್ಷಿಸುವ ನನ್ನ ಹಳೆಯ ಹಾರಕ್ಸ್ ಪೆಟ್ಟಿಗೆಯನ್ನು ಹೊತ್ತುಕೊಂಡು ಮತ್ತೆ ಹೋದೆ. ಅದರಲ್ಲಿ ಒಂದು ಕಪ್ಪು ಬಟ್ಟಲು, 200 ಮಿಲಿಲೀಟರ್ ಹಿಡಿಯುವ ಆರು ಬಿಳಿ ಬಟ್ಟಲು, 2 ಗ್ರಾಮಿನ ಚಮಚ ಇರುತ್ತವೆ. ಕಪ್ಪು ಬಟ್ಟಲಲ್ಲಿ ಒಂದು ಚಮಚ ಪೌಡರ್ ಕಲಸಿ, ತಿಳಿಯಾದ ಮೇಲೆ, ಊರಿನ ನೀರು ತುಂಬಿದ ಮೊದಲ ಬಿಳಿ ಬಟ್ಟಲಿಗೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರ ತನಕ ಬಿಟ್ಟು ಅರ್ಧ ಗಂಟೆ ಕಾಯಬೇಕು. ಆಮೇಲೆ ಸೂಚಕದ್ರಾವಣ ಹಾಕಿದಾಗ ಯಾವ ಬಟ್ಟಲು ಮೊದಲು ಸ್ಪಷ್ಟವಾಗಿ ನೀಲಿಯಾಗುತ್ತದೋ ಅಷ್ಟು ಚಮಚ ಪೌಡರ್ 455 ಲೀಟರಿಗೆ ಬೇಕು. ಈ ಪರೀಕ್ಷೆಯ ಮೇಲೆ ನನಗೆ ಅಪಾರ ಗೌರವವಿದೆ, ಏಕೆಂದರೆ ಇದರಲ್ಲಿ ಬಳಸುವುದು ಅದೇ ಚೀಲದ ಪೌಡರ್ ಮತ್ತು ಅದೇ ಹಳ್ಳದ ನೀರು. ಪೌಡರಿನ ಸತ್ವ ಎಷ್ಟು ಇಳಿದಿದೆ, ನೀರು ಎಷ್ಟು ತಿನ್ನುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಸಲಕ್ಕೆ ಉತ್ತರ ಸಿಗುತ್ತದೆ.

ನೀಲಿಯಾದದ್ದು ಮೂರನೆಯ ಬಟ್ಟಲು. 455 ಲೀಟರಿಗೆ 6 ಗ್ರಾಂ, ತುಂಬಿದ ಟ್ಯಾಂಕಿಗೆ 659 ಗ್ರಾಂ. ಆ ಊರು ಕುಡಿಯುತ್ತಿದ್ದ ನೀರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ ಪೌಡರ್ ಬೀಳುತ್ತಿತ್ತು. ಲಕ್ಷಗಟ್ಟಲೆ ಖರ್ಚಿನಲ್ಲಿ ಟ್ಯಾಂಕ್ ಕಟ್ಟಿಸಿ, ಮನೆಮನೆಗೆ ನಲ್ಲಿ ಎಳೆದು, ಕೊನೆಗೆ ಒಂದು ತಕ್ಕಡಿ ಮತ್ತು ಒಂದು ದಿನದ ಪಾಠದಲ್ಲಿ ಉಳಿತಾಯ ಮಾಡಿದ್ದಾರಲ್ಲ ಎಂದು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನೀರುಗಂಟಿ ಎಲ್ಲವನ್ನೂ ಒಂದೇ ಸಲಕ್ಕೆ ಗ್ರಹಿಸಿದ. ಪೌಡರನ್ನು ಬಕೆಟಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಬಿಟ್ಟ, ಅರ್ಧ ಗಂಟೆ ಕಳೆದ ಮೇಲೆಯೇ ವಾಲ್ವ್ ತಿರುಗಿಸಿದ. ಸಂಜೆ ಕೊನೆಯ ಮನೆಯ ನಲ್ಲಿಯ ನೀರಿನಲ್ಲಿ ತಿಳಿಹಳದಿ ಬಣ್ಣ ಕಾಣಿಸಿತು. ಪೆಟ್ಟಿಗೆಯನ್ನು ಅವನ ಬಳಿಯೇ ಬಿಟ್ಟುಬಂದಿದ್ದೇನೆ. ಪುಷ್ಯ ಮಳೆ ಹಿಡಿದ ಮೇಲೆ ಮತ್ತೊಮ್ಮೆ ಬಟ್ಟಲು ಜೋಡಿಸಿ ನೋಡಿ, ಎಷ್ಟನೆಯದು ನೀಲಿಯಾಯಿತೆಂದು ಫೋನ್ ಮಾಡುತ್ತೇನೆ ಎಂದಿದ್ದಾನೆ.