ಉಸ್ಕುದಾರ್‌ನ ಒಟ್ಟೋಮನ್ ಮಸೀದಿ ಸಂಕೀರ್ಣಗಳಿಗೆ ಹೊಸ ಬಳಕೆ ಬೇಕೇ?

ಪರ

ಇಸ್ತಾಂಬುಲ್‌ನ ಏಷ್ಯಾ ದಡದಲ್ಲಿರುವ ಉಸ್ಕುದಾರ್‌ನಲ್ಲಿ ದೋಣಿಯಿಂದಿಳಿದವರಿಗೆ ಮೊದಲು ಎದುರಾಗುವುದು 1548ರಲ್ಲಿ ಮುಗಿದ ಮಿಹ್ರಿಮಾ ಸುಲ್ತಾನ್ ಮಸೀದಿ. ದಡದ ಗುಂಟ ಸ್ವಲ್ಪ ನಡೆದರೆ ಪುಟ್ಟ ಶೆಮ್ಸಿ ಪಾಶಾ ಮಸೀದಿ, ಗುಡ್ಡ ಹತ್ತಿದರೆ ಅತೀಕ್ ವಾಲಿದೆ. ಮೂರನ್ನೂ ಕಟ್ಟಿದವನು ವಾಸ್ತುಶಿಲ್ಪಿ ಸಿನಾನ್. ಇವನ್ನು ಬರೀ ಮಸೀದಿ ಎಂದರೆ ಅರ್ಧ ಮಾತ್ರ ಹೇಳಿದಂತೆ. ಒಟ್ಟೋಮನ್ ಸುಲ್ತಾನ ಮೂರನೆಯ ಮುರಾದನ ತಾಯಿ ನೂರ್‌ಬಾನು ಕಟ್ಟಿಸಿದ ಅತೀಕ್ ವಾಲಿದೆಯಲ್ಲಿ ಮಸೀದಿಯ ಸುತ್ತ ಮದರಸಾ, ಆಸ್ಪತ್ರೆ, ವರ್ತಕರ ವಸತಿಗೃಹ, ಸ್ನಾನಗೃಹ, ನಮ್ಮ ಅನ್ನಛತ್ರದಂಥ ಇಮಾರೆತ್ ಎಲ್ಲವೂ ಇದ್ದವು. ಮದರಸಾದ ಪಾಠದ ಕೋಣೆಯಂತೂ ಕೆಳಗೆ ಬೀದಿ ಹಾಯುವ ಹಾಗೆ ಕಮಾನಿನ ಮೇಲೆ ನಿಂತಿದೆ. ಊರಿನ ನಡುವೆ, ಊರಿನ ಕೆಲಸಕ್ಕೆಂದೇ ಕಟ್ಟಿದ ಕಟ್ಟಡವಿದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1924ರಲ್ಲಿ ತುರ್ಕಿ ಗಣರಾಜ್ಯ ಮದರಸಾಗಳನ್ನು ಮುಚ್ಚಿದಾಗ ಮಸೀದಿಗಳಲ್ಲಿ ನಮಾಜು ಮುಂದುವರಿಯಿತು, ಸುತ್ತಲಿನ ಕೋಣೆಗಳು ಮಾತ್ರ ಕೆಲಸ ಕಳೆದುಕೊಂಡವು. ಖಾಲಿ ಬಿಟ್ಟ ಗುಮ್ಮಟದ ಸೀಸದ ತಗಡು ಎಲ್ಲಿ ಸಡಿಲಾಯಿತು, ನೀರು ಯಾವ ಗೋಡೆಗೆ ಇಳಿಯಿತು ಎಂಬುದು ದಿನಾ ಬೀಗ ತೆಗೆಯುವವರಿಗಷ್ಟೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ಬರುವ ತಪಾಸಣೆಗಾರರ ಕಣ್ಣಿಗೆ ಅದು ಬೀಳುವಷ್ಟರಲ್ಲಿ ಸುಣ್ಣದ ಗಾರೆ ಕರಗಿರುತ್ತದೆ. ಶೆಮ್ಸಿ ಪಾಶಾ ಮದರಸಾ 1953ರಲ್ಲಿ ಸಾರ್ವಜನಿಕ ಗ್ರಂಥಾಲಯವಾಯಿತು. ವಿದ್ಯಾರ್ಥಿಗಳು ಕೂತು ಓದುತ್ತಿದ್ದ ಕೋಣೆಗಳಿಗೆ ಮತ್ತೆ ಓದುಗರು ಬಂದರು. ಕಾಲ ಬದಲಾದಾಗ ಕಟ್ಟಡಕ್ಕೂ ಕೆಲಸ ಬದಲಿಸಿಕೊಡುವುದು ಅದಕ್ಕೆ ಮಾಡುವ ಅವಮಾನವಲ್ಲ.

ವಿರೋಧ

ಬಳಸಿದರೆ ಉಳಿಯುತ್ತದೆ ಎನ್ನುವವರು ಉದಾಹರಣೆಗೆ ಯಾವಾಗಲೂ ಗ್ರಂಥಾಲಯವನ್ನೇ ತೋರಿಸುತ್ತಾರೆ. ಅದೇ ಅತೀಕ್ ವಾಲಿದೆಯ ಕಡೆಗೂ ಒಮ್ಮೆ ನೋಡಬೇಕು. ಅಲ್ಲಿನ ಆಸ್ಪತ್ರೆ 19ನೇ ಶತಮಾನದಲ್ಲಿ ಟೊಪ್ತಾಶಿ ಮಾನಸಿಕ ಆಸ್ಪತ್ರೆಯಾಯಿತು. 1920ರ ದಶಕದಲ್ಲಿ ರೋಗಿಗಳನ್ನು ನಗರದ ಯುರೋಪ್ ದಡದ ಬಕಿರ್‌ಕೊಯ್‌ಗೆ ಸಾಗಿಸುವವರೆಗೂ ಹಾಗೆಯೇ ನಡೆಯಿತು. ಸಂಕೀರ್ಣದ ಇನ್ನೊಂದು ಭಾಗ ಜೈಲಾಯಿತು. ಇವೂ ಹೊಸ ಬಳಕೆಗಳೇ ಅಲ್ಲವೇ? ಬಳಕೆ ಬಂದೊಡನೆ ಅಡ್ಡಗೋಡೆ ಏಳುತ್ತದೆ, ತೆರೆದ ಕಮಾನುಗಳಿಗೆ ಗಾಜು ಕೂರುತ್ತದೆ, ಕಲ್ಲು ಕೊರೆದು ಪೈಪು ಹಾಯಿಸುತ್ತಾರೆ. ಸೀಸದ ತಗಡನ್ನು ಮತ್ತೆ ಹೊದಿಸಬಹುದು, ಕೊರೆದ ಕಲ್ಲನ್ನು ಮತ್ತೆ ತುಂಬಲಾಗದು.

ಇದಕ್ಕಿಂತ ದೊಡ್ಡ ಆಕ್ಷೇಪ ವಕ್ಫ್ ಎಂಬ, ಆಸ್ತಿಯನ್ನು ಧರ್ಮಕಾರ್ಯಕ್ಕೆ ಶಾಶ್ವತವಾಗಿ ಬಿಟ್ಟುಕೊಡುವ ವ್ಯವಸ್ಥೆಯಲ್ಲೇ ಇದೆ. ವಕ್ಫ್ ಕೂಡ ಬಾಡಿಗೆ, ಲಾಭಗಳಿಂದಲೇ ಬದುಕಿತು ಎಂಬುದು ನಿಜ. ಆದರೆ ದುಡಿಯುವ ಜಾಗ ಬೇರೆ, ಕೊಡುವ ಜಾಗ ಬೇರೆ ಎಂಬ ಗೆರೆ ಅದರಲ್ಲಿ ಸ್ಪಷ್ಟವಾಗಿತ್ತು. ನೂರ್‌ಬಾನುವಿನ ವಕ್ಫ್‌ಗೆ ಆದಾಯ ಬರಲೆಂದು ಬಾಸ್ಫರಸ್ ಜಲಸಂಧಿಯ ಆಚೆ ದಡದಲ್ಲಿ, 1584ರಲ್ಲಿ, ಸಿನಾನನ ವಿನ್ಯಾಸದ ಚೆಂಬೆರ್ಲಿತಾಶ್ ಸ್ನಾನಗೃಹ ಎದ್ದಿತು. ಅಲ್ಲಿ ಮೀಯುವವರು ಕೊಟ್ಟ ಹಣದಿಂದ ಈ ಗುಡ್ಡದ ಮೇಲೆ ಸಾರು ಕುದಿಯಬೇಕು, ಉಣ್ಣುವವನು ಕಾಸು ಬಿಚ್ಚಬಾರದು ಎಂಬುದು ಲೆಕ್ಕಾಚಾರ. ಇಮಾರೆತ್‌ನ ಅಡುಗೆಮನೆಯನ್ನೇ ಕೆಫೆಗೆ ಬಾಡಿಗೆ ಕೊಟ್ಟರೆ ಆ ಗೆರೆ ಅಳಿಸಿಹೋಗುತ್ತದೆ. ಗೋಡೆ ಉಳಿದರೂ ಅದನ್ನು ಕಟ್ಟಿಸಿದ ಉದ್ದೇಶ ಉಳಿಯುವುದಿಲ್ಲ.

ಗ್ರಂಥಾಲಯಕ್ಕೆ ನನ್ನ ತಕರಾರಿಲ್ಲ, ಏಕೆಂದರೆ ಅಲ್ಲಿ ಓದಿನ ಜಾಗಕ್ಕೆ ಓದೇ ಬಂತು, ಅದೂ ಬಿಟ್ಟಿಯಾಗಿ. ಅಂಥ ಹೊಂದಾಣಿಕೆ ಸಿಗುವ ತನಕ ಸೀಸದ ತಗಡನ್ನು ಸರಿಪಡಿಸಿ, ಕಾವಲಿಗೆ ಒಬ್ಬನನ್ನು ನೇಮಿಸಿ, ಕೋಣೆಗಳನ್ನು ಖಾಲಿಯೇ ಇಡಲಿ. ಅದಕ್ಕೆ ಹಣವೆಲ್ಲಿ ಎಂದು ಕೇಳುವವರು ಚೆಂಬೆರ್ಲಿತಾಶ್‌ಗೆ ಹೋಗಿ ನೋಡಬಹುದು: ಆ ಸ್ನಾನಗೃಹದಲ್ಲಿ ಇಂದಿಗೂ ಪ್ರವಾಸಿಗರು ಹಣ ಕೊಟ್ಟೇ ಮೀಯುತ್ತಾರೆ.