ಯೂನಿಯನ್‌ಗಳ ಸಂಯುಕ್ತ ಸಮಿತಿ ಊರಿನ ಕೆಲ್ಸಕ್ಕೂ ಇಳೀಬೇಕಾ? ಪರ – ವಿರೋಧ

ನಮ್ಮ ಕಾಸರಗೋಡಲ್ಲಿ ಯೂನಿಯನ್‌ಗೆ ಬರ ಇಲ್ಲ. ಸಿಐಟಿಯು, ಐಎನ್‌ಟಿಯುಸಿ, ಎಐಟಿಯುಸಿ, ಬಿಎಂಎಸ್, ಎಸ್‌ಟಿಯು ಎಲ್ಲ ಉಂಟು. ಮುಷ್ಕರ ಬಂದಾಗ ಇವ್ರಲ್ಲಿ ಹೆಚ್ಚಿನವ್ರು ಸೇರಿ ಒಂದು ಸಂಯುಕ್ತ ಸಮಿತಿ ಮಾಡ್ತಾರೆ (ಬಿಎಂಎಸ್ ಕೆಲವು ಮುಷ್ಕರಕ್ಕೆ ಸೇರೂದಿಲ್ಲ), ಮುಷ್ಕರ ಮುಗಿದ ಮೇಲೆ ಸಮಿತಿಯೂ ಮುಗೀತು. ಈ ಸಮಿತಿ ವರ್ಷಪೂರ್ತಿ ಇರ್ಬೇಕಾ, ಕೂಲಿ ಬಿಟ್ಟು ಪೆನ್ಶನ್, ಆಸ್ಪತ್ರೆ, ಆಫೀಸು ಅಂತ ಊರಿನ ವಿಷಯಕ್ಕೂ ಕೈ ಹಾಕ್ಬೇಕಾ ಅನ್ನೂದು ಪ್ರಶ್ನೆ. ಇಬ್ರು ಬರ್ದದ್ದು ಕೆಳಗೆ ಉಂಟು.

ಪರ: ಕೂಲಿ ಬೇರೆ, ಊರು ಬೇರೆ ಅಂತ ಇಲ್ಲಿ ಮಾಡ್ಲಿಕ್ಕೇ ಆಗೂದಿಲ್ಲ

ನಾನು ಬೀಡಿ ಕಟ್ಟುವ ಮನೆಯವಳು. ಮಡಿಲಲ್ಲಿ ತಡ್ಪೆ ಇಟ್ಕೊಂಡು, ಎಲೆ ಕತ್ರಿಸಿ, ಹೊಗೆಸೊಪ್ಪು ತುಂಬ್ಸಿ, ನೂಲು ಸುತ್ತಿ, ರಾತ್ರಿ ಅಡುಗೆ ಕೆಲ್ಸ ಮುಗಿದ ಮೇಲೆಯೂ ಕಟ್ಟುವ ಹೆಂಗಸರನ್ನ ನೋಡ್ತಾ ಬೆಳೆದವಳು. ಇದರಲ್ಲಿ ಹೊರಗಿನವರಿಗೆ ಗೊತ್ತಿಲ್ಲದ್ದು ಒಂದು ಉಂಟು. ಬೀಡಿ ಬ್ರಾಂಚಿನ (ಎಲೆ ಕೊಟ್ಟು ಕಟ್ಟಿದ ಬೀಡಿ ತಕ್ಕೊಳ್ಳುವ ಜಾಗದ) ಪಾಸ್‌ಬುಕ್ಕು ಎಷ್ಟೋ ಮನೆಯಲ್ಲಿ ಅತ್ತೆಯ ಹೆಸರಲ್ಲಿ ಇರ್ತದೆ, ಕಟ್ಟೂದು ಸೊಸೆ. ಅತ್ತೆ ತೀರಿಕೊಂಡ ಮೇಲೆ ಪಿಎಫ್ ತೆಗೀಲಿಕ್ಕೆ ಹೋದ್ರೆ ಡೆತ್ ಸರ್ಟಿಫಿಕೇಟು, ವಾರಸುದಾರರ ಸರ್ಟಿಫಿಕೇಟು, ಆಧಾರಲ್ಲಿ ಒಂದು ಹೆಸರು, ರೇಶನ್ ಕಾರ್ಡಲ್ಲಿ ಇನ್ನೊಂದು, ಗಂಡನ ಅಣ್ಣ ತಮ್ಮಂದಿರ ಸೈನ್ ಬೇಕು. ಇಷ್ಟು ವರ್ಷ ಬೆನ್ನು ಬಗ್ಗಿಸಿ ಕಟ್ಟಿದವಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಈಗ ಹೇಳಿ, ಇದು ಕೂಲಿ ವಿಷಯವಾ, ಮನೆ ವಿಷಯವಾ, ವಿಲ್ಲೇಜ್ ಆಫೀಸಿನ ವಿಷಯವಾ? ಸಾವಿರ ಬೀಡಿಗೆ ಎಷ್ಟು ಅಂತ ಮಾತ್ರ ಕೇಳುವ ಯೂನಿಯನ್‌ನಿಂದ ಇವಳಿಗೆ ಎಂತ ಸಿಕ್ಕಿತು?

ಕ್ಷೇಮನಿಧಿಯದ್ದೂ ಹಾಗೇ. ಕೇರಳದಲ್ಲಿ ಬೀಡಿಯವರಿಗೆ, ಕೃಷಿ ಕೂಲಿಯವರಿಗೆ, ಕಟ್ಟಡದವರಿಗೆ, ಚುಮಟ್ಟು (ಹೊರೆ ಹೊರುವ) ಕೆಲಸದವರಿಗೆ ಬೇರೆ ಬೇರೆ ಕ್ಷೇಮನಿಧಿ ಬೋರ್ಡ್ ಉಂಟು, ಒಳ್ಳೆಯ ವಿಷಯವೇ. ಆದ್ರೆ ಕಂತು ಕಟ್ಟೂದು ತಪ್ಪಿದ್ರೆ ಮೆಂಬರ್‌ಶಿಪ್ ಹೋಗ್ತದೆ, ಮಸ್ಟರಿಂಗ್ (ಬದುಕಿದ್ದೇನೆ ಅಂತ ದಾಖಲೆ) ಮಾಡ್ಸದಿದ್ರೆ ಪೆನ್ಶನ್ ನಿಲ್ತದೆ, ಈ ಸೂಚನೆಯೆಲ್ಲ ಬರೂದು ಮಲಯಾಳದಲ್ಲಿ. ಎಣ್ಮಕಜೆಯ, ಪೈವಳಿಕೆಯ ಎಪ್ಪತ್ತು ವರ್ಷದ ಅಜ್ಜಿಗೆ ಅದು ಓದ್ಲಿಕ್ಕೆ ಬರೂದಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡದವರು ಕನ್ನಡದಲ್ಲೇ ಅರ್ಜಿ ಕೊಡ್ಬಹುದು, ಉತ್ತರವೂ ಕನ್ನಡದಲ್ಲೇ ಸಿಗ್ಬೇಕು ಅಂತ ಉಂಟು, ಕೌಂಟರಿನ ಎದುರು ಒಬ್ಬಳೇ ನಿಂತ ಅಜ್ಜಿ ಈ ಕಾಯ್ದೆ ಹೇಳಿ ಜಗಳ ಮಾಡ್ತಾಳಾ? ಐದು ಯೂನಿಯನ್‌ನವರು ಒಟ್ಟಿಗೆ ಹೋಗಿ ಹೇಳಿದ್ರೆ ಆಫೀಸರ್ ಕೇಳ್ತಾನೆ.

ಇನ್ನೊಂದು ಹೇಳದೆ ಇರ್ಲಿಕ್ಕೆ ಆಗೂದಿಲ್ಲ, ಎಂಡೋಸಲ್ಫಾನ್ ಅನ್ನುವ ಕೀಟನಾಶಕದ್ದು. ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಕ್ಕೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ರು. ತೋಟದ ಒಳಗೆ ಕೆಲಸ ಮಾಡಿದ ಕೂಲಿಯವರ ಮೇಲೆ ಬಿದ್ದ ಅದೇ ಮದ್ದು ಪಡ್ರೆ, ಸ್ವರ್ಗ ಅನ್ನುವ ಊರುಗಳ ಬಾವಿಗೂ, ಗುಡ್ಡ ಕೊರೆದು ಮಾಡಿದ ಸುರಂಗದ ನೀರಿಗೂ ಬಿತ್ತು, ಕೂಲಿಯವರ ಮಕ್ಕಳು ಕುಡಿದದ್ದೂ ಅದೇ ನೀರು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನ ನಿಷೇಧ ಮಾಡಿ, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳುವ ಹೊತ್ತಿಗೆ ಒಂದು ತಲೆಮಾರೇ ಹಾಸಿಗೆ ಹಿಡ್ದಿತ್ತು. ತೋಟದ ಗೇಟಿನ ಒಳಗಿನದ್ದು ಯೂನಿಯನ್‌ಗೆ, ಹೊರಗಿನದ್ದು ಪಂಚಾಯತಿಗೆ ಅಂತ ಭಾಗ ಮಾಡುವವರು ಆ ಮನೆಗಳಿಗೆ ಒಮ್ಮೆ ಹೋಗಿ ಬನ್ನಿ.

ಯೂನಿಯನ್‌ನವರಿಗೆ ಅಷ್ಟೆಲ್ಲ ಆಗೂದಿಲ್ಲ ಅಂತ ಹೇಳ್ಬೇಡಿ. ಬೀಡಿ ಕಟ್ಟುವವರಿಗೆ ರಜೆ, ಸವಲತ್ತು ಕೊಡ್ಬೇಕು ಅಂತ ಹೇಳಿದ 1966ರ ಬೀಡಿ ಕಾಯ್ದೆ ಕೇರಳದಲ್ಲಿ ಜಾರಿಗೆ ಬರುವಾಗ ಮಂಗಳೂರಿನ ದೊಡ್ಡ ಬೀಡಿ ಕಂಪೆನಿಯವರು ಇಲ್ಲಿ ಕೆಲ್ಸ ನಿಲ್ಲಿಸಿ ಹೋದ್ರು, ಸಾವಿರಗಟ್ಲೆ ಜನ ಬೀದಿಗೆ ಬಂದ್ರು. ಆಗ 1969ರಲ್ಲಿ ಕಣ್ಣೂರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಆಯ್ತು, ಸರಕಾರದ ಸಹಾಯದಿಂದ, ಕಾರ್ಮಿಕರದ್ದೇ ಆಡಳಿತ. ಆ ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬ ಕೂತು ಪೇಪರ್ ಓದಿ ಹೇಳೂದು, ಅವನ ಪಾಲಿನ ಬೀಡಿ ಉಳಿದವರು ಕಟ್ಟಿ ಕೊಡೂದು ಇತ್ತು. ಶಾಲೆಗೆ ಹೋಗದವರಿಗೂ ಲೋಕ ಗೊತ್ತಾದದ್ದು ಹಾಗೆ.

2020ರ ಮಾರ್ಚಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ಮಣ್ಣು ಹಾಕಿ ರಸ್ತೆ ಮುಚ್ಚಿದ್ರಲ್ಲ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ ನಮ್ಮವರು ಹಲವರು ಚಿಕಿತ್ಸೆ ಸಿಗದೆ ತೀರಿಹೋದ್ರು. ಎರಡು ಸರಕಾರ, ಎರಡು ಹಠ. ಗಡಿಯ ಎರಡೂ ಕಡೆ ಘಟಕ ಇರೂದು ಈ ಯೂನಿಯನ್‌ಗಳಿಗೆ. ನಿತ್ಯ ಒಡನಾಟ ಇಟ್ಕೊಂಡ ಒಂದು ಸಮಿತಿ ಇದ್ದಿದ್ರೆ ಆಚೆ ಕಡೆಯವರಿಗೆ ಫೋನ್ ಮಾಡಿ ಒತ್ತಡ ತರ್ಲಿಕ್ಕೆ ಒಂದು ದಾರಿಯಾದ್ರೂ ಇರ್ತಿತ್ತು ಅಂತ ನನಗೆ ಈಗ್ಲೂ ಅನಿಸ್ತದೆ. ನಾನು ಕೇಳೂದು ದೊಡ್ಡದಲ್ಲ: ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯದಲ್ಲಿ ವಾರಕ್ಕೊಂದು ದಿನ ಒಂದು ಮೇಜು, ಕನ್ನಡ ಮಲಯಾಳ ಎರಡೂ ಬರುವ ಇಬ್ರು, ಯಾವ ಯೂನಿಯನ್ ಅಂತ ಕೇಳದೆ ಅರ್ಜಿ ಬರ್ದು ಕೊಡ್ಲಿ, ಆಫೀಸಿಗೆ ಜೊತೆಗೆ ಹೋಗ್ಲಿ.

ವಿರೋಧ: ಮೊದ್ಲು ಕೆಲಸದ ಜಾಗದ ಕೆಲ್ಸ ಮಾಡಿ

ಅಕ್ಕ ಬರ್ದದ್ರಲ್ಲಿ ಸುಳ್ಳು ಒಂದೂ ಇಲ್ಲ, ಪಾಸ್‌ಬುಕ್ಕಿನ ಕತೆ ನನ್ನ ಚಿಕ್ಕಮ್ಮನ ಮನೆಯಲ್ಲೂ ಆದದ್ದೇ. ಆದ್ರೂ ನಾನು ಒಪ್ಪೂದಿಲ್ಲ. ನಾನೂ ಯೂನಿಯನ್ ಮೆಂಬರ್, ಕಟ್ಟಡ ಕೆಲಸದವ, ವರ್ಷವರ್ಷ ವರಿ (ಮೆಂಬರ್ ಚಂದಾ) ಕಟ್ಟುವವ, ಹಾಗಾಗಿ ಹೊರಗೆ ನಿಂತು ಬೈಯುವವ ಅಂತ ಎಣಿಸ್ಬೇಡಿ.

ಮೊದಲನೇದು ಅಕ್ಕನ ಉದಾಹರಣೆಗಳೇ. ದಿನೇಶ್ ಬೀಡಿ ಊರಿನ ಸೇವೆ ಅಲ್ಲ ಅಕ್ಕ, ಅದು ಕೆಲ್ಸದ ವಿಷಯ. ಹೋದ ಕೆಲಸವನ್ನ ವಾಪಸ್ ತಂದದ್ದು, ಅದು ಯೂನಿಯನ್‌ನ ಅಸಲು ಕೆಲ್ಸ. ಎಂಡೋಸಲ್ಫಾನೂ ಹಾಗೇ. ತೋಟದ ಒಳಗೆ ಎಂತ ಮದ್ದು ಬಿಡ್ತಾರೆ, ಕೂಲಿಯವರಿಗೆ ಮಾಸ್ಕ್ ಉಂಟಾ, ರಕ್ತ ಪರೀಕ್ಷೆ ಉಂಟಾ ಅಂತ ಮೊದಲ ದಿನವೇ ಹಿಡಿದು ಕೇಳೂದು ಯಾರ ಕೆಲ್ಸ? ಅದು ಗಟ್ಟಿಯಾಗಿ ನಡೆದ್ರೆ ಹೊರಗಿನ ಬಾವಿಯೂ ಉಳಿತದೆ. ಅದಕ್ಕೆ ಊರಿನ ಸಮಿತಿ ಬೇಡ, ಕೆಲಸ ಗೊತ್ತಿರುವ ಯೂನಿಯನ್ ಬೇಕು.

ಎರಡನೇದು, ಇದು ಹೇಳ್ಲಿಕ್ಕೆ ನನಗೆ ಕಷ್ಟ ಆಗ್ತದೆ. ಕೇರಳದಲ್ಲಿ ಯೂನಿಯನ್‌ನ ಅಧಿಕಾರ ಕೆಲಸದಿಂದ ಆಚೆ ರಸ್ತೆಗೆ ಬಂದಾಗ ಎಂತ ಆಯ್ತು ಅಂತ ನೋಡಿದ್ದೇವೆ. 1978ರ ಚುಮಟ್ಟು ಕಾರ್ಮಿಕರ ಕಾಯ್ದೆ ಬಂದದ್ದು ಹೊರೆ ಹೊರುವವನಿಗೆ ನ್ಯಾಯ ಸಿಗ್ಲಿ ಅಂತ. ಅದೇ ಬಲದಲ್ಲಿ ನೋಕುಕೂಲಿ ಬೆಳೀತು, ಮನೆಯವರು ಅವರ ಸಾಮಾನು ಅವರೇ ಇಳಿಸಿದ್ರೂ ನೋಡಿ ನಿಂತದ್ದಕ್ಕೆ ದುಡ್ಡು ಕೊಡ್ಬೇಕು. 2018ರ ಮೇ 1ಕ್ಕೆ ಸರಕಾರವೇ ಅದನ್ನ ನಿಲ್ಲಿಸ್ಬೇಕಾಯ್ತು, 2021ರಲ್ಲೂ ಹೈಕೋರ್ಟ್ ಅದರ ಬಗ್ಗೆ ಕಟುವಾಗಿ ಹೇಳ್ಬೇಕಾಯ್ತು. ಮೈಮುರಿದು ದುಡಿಯುವ ಸಾವಿರಾರು ಜನರಿಗೆ ಆ ಕೆಟ್ಟ ಹೆಸರು ಬಂತಲ್ಲ ಅಂತ ನನ್ನ ಹೊಟ್ಟೆ ಉರೀತದೆ. ವೋಟಿಲ್ಲದೆ ಊರಿನ ಯಜಮಾನಿಕೆ ಸಿಕ್ಕಿದ್ರೆ ಯಾವ ಸಮಿತಿಯಾದ್ರೂ ಹಾಗೇ ಆಗ್ತದೆ. ಪಂಚಾಯತ್ ಮೆಂಬರನ್ನ ಐದು ವರ್ಷಕ್ಕೆ ಬದಲಾಯಿಸ್ಬಹುದು, ಸಂಯುಕ್ತ ಸಮಿತಿಯ ಕನ್ವೀನರನ್ನ ಊರಿನವರು ಹೇಗೆ ಬದಲಾಯಿಸೂದು?

ಮತ್ತೆ ಆ ಮೇಜಿನ ವಿಷಯ. ಅಕ್ಕ ಹೇಳಿದ್ದು ಚಂದ ಉಂಟು, ಯಾವ ಯೂನಿಯನ್ ಅಂತ ಕೇಳೂದಿಲ್ಲ ಅಂತ. ನಾನು ನೋಡಿದ್ದು ಹೇಳ್ತೇನೆ. ಒಬ್ಬರು ಅಜ್ಜಿಗೆ ಪೆನ್ಶನ್ ಮಾಡ್ಸಿ ಕೊಟ್ರು, ತುಂಬ ಓಡಾಡಿ ಮಾಡ್ಸಿದ್ರು, ನಿಜ. ಆಮೇಲೆ ಜಾಥಾ ಬಂದಾಗ ಅಜ್ಜಿಗೆ ಗಂಟು ನೋವು, ಹೋಗ್ಲಿಲ್ಲ. ಮರುದಿನ ಅಂಗಡಿ ಎದುರಲ್ಲೇ "ಎಂತ ಅಜ್ಜಿ, ಪೆನ್ಶನ್ ಬೇಕು, ಜಾಥಾ ಬೇಡ ಅಲ್ವಾ" ಅಂತ ಕೇಳಿದ್ರು. ಅಜ್ಜಿಯ ಮುಖ ಸಣ್ಣ ಆಯ್ತು. ಪೆನ್ಶನ್ ಅವಳ ಹಕ್ಕು, ಆ ಒಂದು ಮಾತಿಂದ ಅದು ಸಾಲ ಆಯ್ತು. ಐದು ಯೂನಿಯನ್ ಸೇರಿದ್ರೆ ಈ ಸಾಲ ಐದು ಪಾಲಾಗ್ತದೆ ಅಷ್ಟೇ, ಹೋಗೂದಿಲ್ಲ.

ಅದೂ ಅಲ್ಲದೆ ಅರ್ಜಿ ನಾವೇ ಬರ್ದು ಕೊಡ್ತಾ ಇದ್ರೆ ಆಫೀಸಿಗೆ ಕನ್ನಡ ಗೊತ್ತಿರುವವರನ್ನ ಹಾಕುವ ಅಗತ್ಯ ಸರಕಾರಕ್ಕೆ ಯಾಕೆ ಬರ್ತದೆ? 1969ರ ಕಾಯ್ದೆ ಉಂಟು ಅಂತ ಅಕ್ಕನೇ ಹೇಳಿದ್ರು. ಹಾಗಾದ್ರೆ ಅದನ್ನ ಜಾರಿ ಮಾಡಿ ಅಂತ ಆಫೀಸಿನ ಎದುರು ಕೂತ್ಕೊಳ್ಳುವ, ನಾನೂ ಬರ್ತೇನೆ. ಅರ್ಜಿ ಹಾಕ್ಲಿಕ್ಕೆ ಅಕ್ಷಯ ಕೇಂದ್ರ ಉಂಟು, ಹೆಂಗಸರ ಸಂಘ ಕುಟುಂಬಶ್ರೀ ಉಂಟು, ಪಂಚಾಯತ್ ಉಂಟು, ಅವರ ಕೆಲ್ಸ ಅವರತ್ರ ಮಾಡ್ಸುವ.

ದುಡ್ಡಿನ ಪ್ರಶ್ನೆಯೂ ಉಂಟು. 1926ರ ಟ್ರೇಡ್ ಯೂನಿಯನ್ ಆ್ಯಕ್ಟಲ್ಲಿ ಮೆಂಬರ್‌ಗಳ ಜನರಲ್ ಫಂಡ್ ಎಂತಕ್ಕೆಲ್ಲ ಖರ್ಚು ಮಾಡ್ಬಹುದು ಅಂತ ಪಟ್ಟಿಯೇ ಕೊಟ್ಟಿದ್ರು, ರಾಜಕೀಯಕ್ಕೆ ಬೇಕಾದ್ರೆ ಬೇರೆ ಫಂಡು, ಅದಕ್ಕೂ ಒತ್ತಾಯ ಮಾಡ್ಲಿಕ್ಕಿಲ್ಲ ಅಂತ. ಹಾಗೆ ಬೇಲಿ ಹಾಕಿದ್ದು ಕೂಲಿಯವನ ದುಡ್ಡು ಕಂಡಕಂಡಲ್ಲಿ ಹೋಗ್ಬಾರ್ದು ಅಂತ. ಊರಿನ ಕೆಲ್ಸ ಅಂತ ಶುರು ಮಾಡಿದ್ರೆ ಆ ದುಡ್ಡು ಸಾಕಾಗೂದಿಲ್ಲ, ಆಮೇಲೆ ರಶೀದಿ ಪುಸ್ತಕ ಹಿಡ್ಕೊಂಡು ಅಂಗಡಿ ಅಂಗಡಿಗೆ ಹೋಗೂದು. ನಾಳೆ ಅದೇ ಅಂಗಡಿಯವನತ್ರ ಕೆಲಸದ ಹುಡುಗನಿಗೆ ಮಿನಿಮಮ್ ವೇಜ್ ಕೊಡು ಅಂತ ಯಾವ ಬಾಯಲ್ಲಿ ಕೇಳೂದು?

ಕೆಲಸದ ಜಾಗದಲ್ಲಿ ಮಾಡ್ಲಿಕ್ಕೆ ಎಷ್ಟು ಬಾಕಿ ಉಂಟು ನೋಡಿ. ಕೆಂಪುಕಲ್ಲಿನ ಕೋರೆಯಲ್ಲಿ, ಅಡಿಕೆ ತೋಟದಲ್ಲಿ, ನಮ್ಮ ಸೈಟಲ್ಲಿ ಈಗ ಬಂಗಾಳ, ಒಡಿಶಾ, ಅಸ್ಸಾಂ ಹುಡುಗರೇ ತುಂಬ. ಅವರಿಗಾಗಿ ಕೇರಳದಲ್ಲಿ 2010ರಲ್ಲೇ ಕ್ಷೇಮ ಯೋಜನೆ ಬಂತು, 2017ರಲ್ಲಿ ಆವಾಜ್ ಇನ್ಶೂರೆನ್ಸ್ ಬಂತು. ನಮ್ಮ ಸೈಟಿನ ಹುಡುಗರತ್ರ ಕೇಳಿದ್ರೆ ಹೆಚ್ಚಿನವರಿಗೆ ಆ ಹೆಸರೇ ಗೊತ್ತಿಲ್ಲ, ಯೂನಿಯನ್‌ನವರು ಅವರತ್ರ ಮಾತಾಡಿದ್ದು ನಾನು ನೋಡ್ಲಿಲ್ಲ. ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಮದ್ದು ಬಿಡ್ಲಿಕ್ಕೆ ಹತ್ತಿದವ ಜಾರಿ ಬಿದ್ರೆ ಆಸ್ಪತ್ರೆ ಖರ್ಚು ಯಾರು ಕೊಡೂದು ಅಂತ ಇವತ್ತಿಗೂ ಆಯಾ ಯಜಮಾನರ ಮನಸ್ಸಿನ ಮೇಲೆ ಉಂಟು. ಸಂಯುಕ್ತ ಸಮಿತಿ ವರ್ಷಪೂರ್ತಿ ಇರ್ಲಿ, ಬೇಡ ಅಂತ ನಾನು ಹೇಳೂದಿಲ್ಲ, ಆದ್ರೆ ಮೇಜು ಹಾಕೂದಾದ್ರೆ ಕೋರೆಯ ಬಾಗಿಲಲ್ಲಿ ಹಾಕ್ಲಿ, ಅಲ್ಲಿ ದುಡಿಯುವವರ ಹೆಸರು ರಿಜಿಸ್ಟರಲ್ಲಿ ಬರೀಲಿ, ಹಿಂದಿ ಬಂಗಾಳಿ ಬರುವವ ಒಬ್ಬನನ್ನ ಕೂರಿಸ್ಲಿ, ಬೀಡಿ ಬ್ರಾಂಚಲ್ಲಿ ಈ ತಿಂಗಳ ರೇಟು ಎಲ್ಲರಿಗೂ ಕಾಣುವ ಹಾಗೆ ಹಾಕ್ಸಲಿ, ಪಾಸ್‌ಬುಕ್ಕು ಕಟ್ಟುವವಳ ಹೆಸರಿಗೇ ಮಾಡ್ಸಲಿ.